ಕಾರ್ ರೇಡಿಯೋ ಗೊರಗುಟ್ಟಿದರೆ ಮೊದಲೇ ಸೆಟ್ ಬದಲಿಸಬೇಡಿ: ತುಮಕೂರು ಕಡೆಯವರಿಗೆ ದೋಷ ನಿವಾರಣೆ ಕೈಪಿಡಿ

ಕಾರಿನಲ್ಲಿ ರೇಡಿಯೋ ಸರಿಯಾಗಿ ಬರುತ್ತಿಲ್ಲ ಅಂತ ಎಕ್ಸೆಸರೀಸ್ ಅಂಗಡಿಗೆ ಹೋದರೆ ಸಿಗುವ ಉತ್ತರ ಬಹುತೇಕ ಒಂದೇ. "ಸೆಟ್ ಹಳೇದಾಯ್ತು ಸಾರ್, ಆಂಡ್ರಾಯ್ಡ್ ಹಾಕಿಸಿಬಿಡಿ." ಹಾಕಿಸಿದ ಮೇಲೆ ಎಷ್ಟೋ ಸಲ ರೇಡಿಯೋ ಮೊದಲಿಗಿಂತ ಕೆಟ್ಟದಾಗಿ ಬರುತ್ತದೆ. ಕಾರಿನ ಸೆಟ್ಟಿನಲ್ಲಿ ರೇಡಿಯೋ ಭಾಗ ಕೆಡುವುದು ಅಪರೂಪ. ಆಂಟೆನಾ, ಅದರ ವೈರ್, ಅರ್ಥ್ (ಕಾರಿನ ಲೋಹದ ಮೈಗೆ ಬಿಗಿಯುವ ಸಂಪರ್ಕ), ಇಲ್ಲವೇ ನಾವೇ ಆಮೇಲೆ ಸಿಕ್ಕಿಸಿದ ಯಾವುದೋ ಒಂದು ಸಾಮಾನು, ಇವುಗಳಲ್ಲೇ ತೊಂದರೆ ಇರುವುದು ಜಾಸ್ತಿ.

ಹುಡುಕುವ ದಾರಿ ಕಷ್ಟದ್ದೇನಲ್ಲ. ಗೊರಗೊರ ಸದ್ದು ಯಾವುದು ಬದಲಾದಾಗ ತಾನೂ ಬದಲಾಗುತ್ತದೆ ಅಂತ ನೋಡಿದರೆ ಸಾಕು. ಜಾಗ ಬದಲಾದಾಗಲೋ, ಸ್ಟೇಷನ್ ಬದಲಿಸಿದಾಗಲೋ, ಆಕ್ಸಿಲರೇಟರ್ ಒತ್ತಿದಾಗಲೋ, ಯಾವುದಾದರೂ ಸ್ವಿಚ್ ಹಾಕಿದಾಗಲೋ, ವಾಲ್ಯೂಮ್ ತಿರುಗಿಸಿದಾಗಲೋ? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಸ್ಕ್ರೂ ಡ್ರೈವರ್ ಹಿಡಿಯುವುದು ಆಮೇಲಿನ ಮಾತು.

ಮೊದಲು: ಅದು ಕಾರಿನ ದೋಷವೇ?

ತುಮಕೂರಿನಲ್ಲಿ ನಾವು ಕೇಳುವ ಖಾಸಗಿ ಎಫ್‌ಎಂಗಳಲ್ಲಿ ಹೆಚ್ಚಿನವು ಬೆಂಗಳೂರಿನವು. 91.1, 92.7, 93.5, 98.3 ಎಲ್ಲವೂ ಅಲ್ಲಿಂದಲೇ ಬರಬೇಕು. ಆಕಾಶವಾಣಿಯ 101.3 ಮತ್ತು ವಿವಿಧ ಭಾರತಿಯ 102.9 ಕೂಡ ಹಾಗೇ. ನಡುವಿನ ದಾರಿ ಸುಮಾರು 70 ಕಿಲೋಮೀಟರ್.

ಎಫ್‌ಎಂ ಅಲೆ ಹೆಚ್ಚುಕಮ್ಮಿ ನೇರವಾಗಿ ಹೋಗುತ್ತದೆ, ಭೂಮಿಯ ಬಾಗಿಗೆ ತಕ್ಕಂತೆ ಜಾಸ್ತಿ ಬಗ್ಗುವುದಿಲ್ಲ. 100 ಮೀಟರ್ ಎತ್ತರದ ಗೋಪುರದಿಂದ ಕಾರಿನ ಆಂಟೆನಾಗೆ, ಸಮತಟ್ಟು ನೆಲದಲ್ಲಿ, ಲೆಕ್ಕದ ಪ್ರಕಾರ ಸುಮಾರು 45 ಕಿಲೋಮೀಟರ್ ಮಾತ್ರ ನೇರ ಸಂಪರ್ಕ ಇರುತ್ತದೆ. ಅದರಾಚೆ ಸಿಗುವುದು ಉಳಿದುಪಳಿದದ್ದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ತುಮಕೂರು ಅದಕ್ಕಿಂತ ತಗ್ಗಿನಲ್ಲಿದೆ. ಅದರಿಂದ ನಮಗೆ ಒಂದಿಷ್ಟು ಲಾಭ ಇದೆ. ಆದರೂ ನೆಲಮಂಗಲದಲ್ಲಿ ಗಟ್ಟಿಯಾಗಿದ್ದ ಸ್ಟೇಷನ್ ದಾಬಸ್‌ಪೇಟೆ ದಾಟಿದ ಮೇಲೆ ಸೊರಗುವುದು, ಕ್ಯಾತ್ಸಂದ್ರದ ಹೊತ್ತಿಗೆ ಬಂದು ಬಂದು ಹೋಗುವುದು ಸಹಜ. ಶಿರಾ ಕಡೆ ಹೋದರಂತೂ ಕೇಳುವುದೇ ಬೇಡ. ಅಲ್ಲಿ ಸೆಟ್ಟನ್ನು ಬೈದು ಪ್ರಯೋಜನವಿಲ್ಲ.

ಬೆಟ್ಟಗಳ ಆಟವೂ ಇದೆ. ದೇವರಾಯನದುರ್ಗ ಸುಮಾರು 1,200 ಮೀಟರ್ ಎತ್ತರ. ಬೆಟ್ಟದ ಮೇಲೆ ಕಾರು ನಿಲ್ಲಿಸಿದರೆ ಬಡಪಾಯಿ ಸೆಟ್ಟೂ ಹಾಡುತ್ತದೆ. ಬೆಟ್ಟದ ಆಚೆ ಇಳಿದು ಕೊರಟಗೆರೆ ಕಡೆ ತಿರುಗಿದರೆ ನೆರಳಿಗೆ ಬಿದ್ದ ಹಾಗೆ. ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟ ಇದೇ ಕೆಲಸ ಮಾಡುತ್ತದೆ. 1,478 ಮೀಟರಿನ ಬಂಡೆ ಬೆಂಗಳೂರಿಗೂ ನಿಮಗೂ ನಡುವೆ ಕೂತಿದ್ದರೆ ಆಂಟೆನಾ ಏನು ತಾನೇ ಮಾಡೀತು?

ಸಮುದಾಯ ರೇಡಿಯೋಗಳ ಲೆಕ್ಕ ಬೇರೆ. ತುಮಕೂರಿನ ರೇಡಿಯೋ ಸಿದ್ಧಾರ್ಥ 90.8ರಲ್ಲಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ನಮ್ಮ ಧ್ವನಿ 90.4ರಲ್ಲಿದೆ. ಇಂಥವುಗಳಿಗೆ ಸಾಮಾನ್ಯವಾಗಿ ಅನುಮತಿ ಇರುವುದೇ 100 ವ್ಯಾಟ್‌ವರೆಗಿನ ಪ್ರಸಾರ ಶಕ್ತಿಗೆ. ಹತ್ತು, ಹದಿನೈದು ಕಿಲೋಮೀಟರ್ ಆಚೆ ಅವು ಮಾಯವಾದರೆ ಅದು ದೋಷ ಅಲ್ಲ. ಆದರೆ ಊರೊಳಗೆ ನಿಂತು 90.8 ಕೇಳಿಸದಿದ್ದರೆ ಮಾತ್ರ ಎಚ್ಚರವಾಗಿ. ಹತ್ತಿರದ ಸ್ಟೇಷನ್ನೇ ಸಿಗುತ್ತಿಲ್ಲ ಅಂದರೆ ಕಾರಿನೊಳಗೆ ಏನೋ ಆಗಿದೆ.

ಅನುಮಾನ ತೀರಿಸಿಕೊಳ್ಳಲು ಒಳ್ಳೆಯ ಉಪಾಯ ಇನ್ನೊಂದು ಕಾರು. ಪಕ್ಕದಲ್ಲಿ ನಿಲ್ಲಿಸಿ, ಅದೇ ಸ್ಟೇಷನ್ ಹಾಕಿ. ಎರಡರಲ್ಲೂ ಒಂದೇ ಥರ ಗೊರಗುಟ್ಟಿದರೆ ಇಲ್ಲಿಗೇ ಬಿಟ್ಟುಬಿಡಬಹುದು. ಇನ್ನೊಂದು ಕಾರು ಸಿಗದಿದ್ದರೆ ಎಫ್‌ಎಂ ಇರುವ ಹಳೇ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ, ಕಾರಿನಿಂದ ಇಳಿದು ಹೊರಗೆ ನಿಂತು ಕೇಳಿ. ಮೊಬೈಲಿನಲ್ಲಿ ಚೆನ್ನಾಗಿ ಬಂದು ಕಾರಿನಲ್ಲಿ ಬರದಿದ್ದರೆ ಮುಂದೆ ಓದಿ.

ಇನ್ನೊಂದು ಗುರುತು. ಬಿ.ಎಚ್. ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ ಪೂರ್ತಿ ಸುಯ್ ಅಂತಿದ್ದ ಸ್ಟೇಷನ್, ಕಾರನ್ನು ಒಂದು ಮೀಟರ್ ಮುಂದೆ ಬಿಟ್ಟ ಕೂಡಲೇ ಸರಿಹೋದರೆ, ಕಾರಿನಲ್ಲಿ ತಪ್ಪಿಲ್ಲ. ನೇರವಾಗಿ ಬಂದ ಅಲೆ ಮತ್ತು ಕಟ್ಟಡಕ್ಕೆ ಬಡಿದು ಬಂದ ಅಲೆ ಆ ಒಂದು ಜಾಗದಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್ ಆದ್ದರಿಂದ ಅಷ್ಟು ಸಣ್ಣ ಅಂತರದಲ್ಲೇ ವ್ಯತ್ಯಾಸ ಕಾಣುತ್ತದೆ. ಓಡುವಾಗ ಇದೇ ಸಂಗತಿ 'ಪಟಪಟ' ಅಂತ ತುಂಡು ತುಂಡಾಗಿ ಕೇಳಿಸುತ್ತದೆ.

ಸ್ಯಾಟ್ ಬಟನ್ ಒತ್ತಿದರೆ ಏನೂ ಬರೋದಿಲ್ಲ

ಬೇಗ ಹೇಳಿ ಮುಗಿಸುತ್ತೇನೆ. ಹೊರದೇಶದಿಂದ ಬಂದ ಕಾರಿನಲ್ಲಿ ಅಥವಾ ಸೆಟ್ಟಿನಲ್ಲಿ 'ಸ್ಯಾಟ್' ಇಲ್ಲವೇ 'ಎಸ್‌ಎಕ್ಸ್‌ಎಂ' ಅಂತ ಬಟನ್ ಇದ್ದರೆ ಅದು ಸಿರಿಯಸ್ ಎಕ್ಸ್‌ಎಂ ಸೇವೆಯದು. ಅದರ ಉಪಗ್ರಹಗಳು ಉತ್ತರ ಅಮೆರಿಕಕ್ಕೆ ಮಾತ್ರ ಪ್ರಸಾರ ಮಾಡುತ್ತವೆ, ಅದೂ 2.3 ಗಿಗಾಹರ್ಟ್ಸ್ ಸುತ್ತ. ಇಲ್ಲಿ ಯಾವ ಆಂಟೆನಾ ಹಾಕಿದರೂ ಮೌನವೇ. ಅದನ್ನು 'ರಿಪೇರಿ' ಮಾಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ.

ನಮ್ಮಲ್ಲಿ ಉಪಗ್ರಹ ರೇಡಿಯೋ ಅಂತ ಇದ್ದದ್ದು ವರ್ಲ್ಡ್‌ಸ್ಪೇಸ್. 2000ರಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ಬರುತ್ತಿತ್ತು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ನಿಂತಿತು. ಆ ಕಾಲದ ಸೆಟ್ಟು ಅಟ್ಟದ ಮೇಲೆ ಸಿಕ್ಕಿದರೆ ನೆನಪಿಗೆ ಇಟ್ಟುಕೊಳ್ಳಿ, ಅಷ್ಟೇ.

ಕೆಲವು ಹೊಸ ಕಾರುಗಳಲ್ಲಿ ಡಿಆರ್‌ಎಂ ಅಂತ ಕಾಣುತ್ತದೆ. ಅದು ಉಪಗ್ರಹದ್ದಲ್ಲ. ಆಕಾಶವಾಣಿ ಮಧ್ಯಮ ತರಂಗದಲ್ಲಿ ಕೊಡುವ ಡಿಜಿಟಲ್ ಪ್ರಸಾರ. ಇದರ ಸ್ವಭಾವ ಗೊತ್ತಿಲ್ಲದಿದ್ದರೆ ದೋಷ ಅನ್ನಿಸಬಹುದು. ಸಿಗ್ನಲ್ ಸಾಕಷ್ಟು ಇರುವವರೆಗೆ ಶುದ್ಧವಾಗಿರುತ್ತದೆ. ಕಡಿಮೆಯಾದರೆ ಗೊರಗುಟ್ಟದೆ ಒಮ್ಮೆಲೇ ಸದ್ದು ನಿಂತುಹೋಗುತ್ತದೆ.

ಸೆಟ್ಟಿಂಗ್‌ನಲ್ಲೇ ಅಡಗಿರುವ ದೋಷ

ಇದನ್ನು ಮೊದಲೇ ನೋಡಿ, ಖರ್ಚಿಲ್ಲದ ಕೆಲಸ. ಆಂಡ್ರಾಯ್ಡ್ ಸೆಟ್‌ಗಳಲ್ಲಿ ರೇಡಿಯೋ ರೀಜನ್ ಅಂತ ಒಂದು ಆಯ್ಕೆ ಇರುತ್ತದೆ. ಎಷ್ಟೋ ಸೆಟ್‌ಗಳು ಅಂಗಡಿಯಿಂದ ಬರುವಾಗಲೇ ಅಮೆರಿಕದ ರೀಜನ್ ಹೊತ್ತು ಬರುತ್ತವೆ. ಅಮೆರಿಕದಲ್ಲಿ ಎಫ್‌ಎಂ ಸ್ಟೇಷನ್‌ಗಳು ದಶಾಂಶದಲ್ಲಿ ಬೆಸ ಅಂಕೆಗಳ ಮೇಲೆ ಮಾತ್ರ ಇರುತ್ತವೆ: 90.7, 90.9, 91.1 ಹೀಗೆ. ಸೆಟ್ಟೂ ಹಾಗೇ ಹಾರುತ್ತದೆ. ಬೆಂಗಳೂರಿನ 91.1, 92.7, 98.3, 101.3 ಎಲ್ಲ ಬೆಸವೇ ಆದ್ದರಿಂದ ಸಲೀಸಾಗಿ ಸಿಗುತ್ತವೆ. 90.8 ಮಾತ್ರ ಸಿಗುವುದಿಲ್ಲ. 90.7 ಅಥವಾ 90.9ರಲ್ಲಿ 'ಸ' ಅಕ್ಷರ ಬಂದಾಗಲೆಲ್ಲ ಸೀಳುವ ಧ್ವನಿಯಲ್ಲಿ ಅರೆಬರೆ ಕೇಳಿಸುತ್ತದೆ. ಊರಿನ ಸ್ಟೇಷನ್ನೇ ಸರಿಯಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ, ಪಾಪ.

ಎಎಂನಲ್ಲಿ ಇನ್ನೂ ತಮಾಷೆ. ನಮ್ಮಲ್ಲಿ ಸ್ಟೇಷನ್‌ಗಳ ನಡುವೆ 9 ಕಿಲೋಹರ್ಟ್ಸ್ ಅಂತರ, ಅಮೆರಿಕದಲ್ಲಿ 10. ಬೆಂಗಳೂರು ಆಕಾಶವಾಣಿ 612ರಲ್ಲಿದೆ. ಅಮೆರಿಕದ ರೀಜನ್‌ನಲ್ಲಿ ಸೆಟ್ 610ಕ್ಕೆ ಹೋಗುತ್ತದೆ, ಅಲ್ಲಿಂದ 620ಕ್ಕೆ ಹಾರುತ್ತದೆ. 612 ನಡುವೆ ಬಿದ್ದುಹೋಗುತ್ತದೆ.

ರೀಜನ್ ತಪ್ಪಾದರೆ ಧ್ವನಿಯೂ ಮಂಕಾಗುತ್ತದೆ. ಪ್ರಸಾರ ಮಾಡುವಾಗ ತೀಕ್ಷ್ಣ ಸ್ವರಗಳನ್ನು ಸ್ವಲ್ಪ ಎತ್ತಿ ಕಳಿಸುತ್ತಾರೆ, ಸೆಟ್ಟು ಅದನ್ನು ಅಷ್ಟೇ ಇಳಿಸಿಕೊಳ್ಳಬೇಕು. ಇಲ್ಲಿ ಅದರ ಅಳತೆ 50 ಮೈಕ್ರೋಸೆಕೆಂಡ್, ಅಮೆರಿಕದಲ್ಲಿ 75. ಅಲ್ಲಿನ ಅಳತೆಯಲ್ಲಿ ಇಳಿಸಿದರೆ ಬೇಕಾದ್ದಕ್ಕಿಂತ ಜಾಸ್ತಿ ಇಳಿಯುತ್ತದೆ. ರೀಜನ್ ಪಟ್ಟಿಯಲ್ಲಿ ಇಂಡಿಯಾ ಅಥವಾ ಏಷ್ಯಾ ಇದ್ದರೆ ಅದನ್ನು, ಇಲ್ಲದಿದ್ದರೆ ಯುರೋಪ್ ಆರಿಸಿ. ಬದಲಿಸಿದ ಮೇಲೆ ಹಳೇ ಸ್ಟೇಷನ್‌ಗಳನ್ನು ಮತ್ತೆ ಹುಡುಕಿ ಉಳಿಸಿಕೊಳ್ಳಬೇಕು.

ಜಪಾನಿನಿಂದ ಬಂದ ಹಳೇ ಸೆಟ್ ಆಗಿದ್ದರೆ ಅದು 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಓಡುತ್ತದೆ. ನಮ್ಮ ಪಟ್ಟಿ 88ರಿಂದ 108. ಬ್ಯಾಂಡ್ ಎಕ್ಸ್‌ಪ್ಯಾಂಡರ್ ಅನ್ನುವ ಸಣ್ಣ ಡಬ್ಬಿ ಸಿಗುತ್ತದೆ, ಕೆಲಸ ನಡೆಯುತ್ತದೆ, ಗುಣಮಟ್ಟ ಅಷ್ಟಕ್ಕಷ್ಟೇ.

'ಲೋಕಲ್' ಅಥವಾ 'ಎಲ್‌ಒಸಿ' (ಹತ್ತಿರದ ಗಟ್ಟಿ ಸ್ಟೇಷನ್ ಮಾತ್ರ ಹಿಡಿಯುವ ಆಯ್ಕೆ) ಆನ್ ಆಗಿದ್ದರೆ ತುಮಕೂರಿನಲ್ಲಿ ಹುಡುಕಾಟ ಒಂದೂ ಸ್ಟೇಷನ್ ಹಿಡಿಯದೆ ಸುತ್ತು ಹೊಡೆಯುತ್ತದೆ. ಆಫ್ ಮಾಡಿ. 'ಎಎಫ್' ಮತ್ತು 'ಟಿಎ' ಕೂಡ ಆಫ್ ಇರಲಿ. ಅವು ಆನ್ ಇದ್ದರೆ ಸಿಗ್ನಲ್ ಸೊರಗಿದ ಕೂಡಲೇ ಸೆಟ್ ತಾನಾಗಿ ಬೇರೆ ಸ್ಟೇಷನ್ ಹುಡುಕಲು ಹೊರಡಬಹುದು, ಇದ್ದಕ್ಕಿದ್ದಂತೆ ಸದ್ದು ನಿಲ್ಲಬಹುದು. ಸ್ಟೀರಿಯೋ ಬದಲು ಮೋನೋ ಆಯ್ಕೆ ಇದ್ದರೆ ದೂರದ ಸ್ಟೇಷನ್‌ಗೆ ಅದನ್ನೇ ಹಾಕಿ. ಸ್ಟೀರಿಯೋಗೆ ಮೋನೋಗಿಂತ ಬಹಳ ಗಟ್ಟಿ ಸಿಗ್ನಲ್ ಬೇಕು. ಮೋನೋ ಮಾಡಿದ ಕೂಡಲೇ ಸುಯ್ ಸದ್ದು ಇಳಿಯುತ್ತದೆ.

ಆಂಟೆನಾ: ಬಹುಪಾಲು ತೊಂದರೆ ಇಲ್ಲೇ

ಕಾರಿನ ಮಾಡಿನ ಮೇಲೆ ನೋಡಿ. ಕಡ್ಡಿ ಆಂಟೆನಾ ಇದ್ದ ಜಾಗದಲ್ಲಿ ಶಾರ್ಕ್ ಫಿನ್ ಅಂಟಿಸಿದ್ದೀರಾ? ಚೆಂದಕ್ಕೆ ಅಂಟಿಸುವ ಬಹಳಷ್ಟು ಫಿನ್‌ಗಳ ಒಳಗೆ ಏನೂ ಇರುವುದಿಲ್ಲ, ಬರೀ ಪ್ಲಾಸ್ಟಿಕ್. ಕಡ್ಡಿ ಬಿಚ್ಚಿ ಇದನ್ನು ಹಾಕಿದರೆ ರೇಡಿಯೋಗೆ ಕಿವಿ ಕಿತ್ತ ಹಾಗೆ. ಹೆಬ್ಬೆರಳುದ್ದದ ಮೋಟು ಕಡ್ಡಿಗಳೂ ಅದೇ ಜಾತಿ. ಎಫ್‌ಎಂಗೆ ಹೊಂದುವ ಉದ್ದ ಅಲೆಯ ಕಾಲುಭಾಗ, ಅಂದರೆ ಸುಮಾರು 75 ಸೆಂಟಿಮೀಟರ್. ಕಂಪನಿ ಕಡ್ಡಿ ಅದಕ್ಕಿಂತ ಗಿಡ್ಡ ಇದ್ದರೂ ಒಳಗೆ ತಂತಿ ಸುರುಳಿ ಸುತ್ತಿರುತ್ತಾರೆ, ಬುಡದಲ್ಲಿ ಸಣ್ಣ ಆಂಪ್ಲಿಫೈಯರ್ ಇಟ್ಟಿರುತ್ತಾರೆ. ಮೋಟು ಕಡ್ಡಿಗೆ ಅಂಥ ಭಾಗ್ಯ ಇಲ್ಲ. ಬೆಂಗಳೂರಿನ ಒಳಗೆ ಓಡಾಡುವವರಿಗೆ ವ್ಯತ್ಯಾಸ ಗೊತ್ತಾಗದೆ ಇರಬಹುದು. ತುಮಕೂರಿನಲ್ಲಿ ಎದ್ದು ಕಾಣುತ್ತದೆ.

ಕಡ್ಡಿ ಮೂಲದ್ದೇ ಆಗಿದ್ದರೆ ಬಿಚ್ಚಿ ಬುಡ ನೋಡಿ. ವಾಟರ್ ಸರ್ವಿಸ್‌ನಲ್ಲಿ ತೆಗೆದವರು ಪೂರ್ತಿ ತಿರುಗಿಸದೆ ಬಿಟ್ಟಿರಬಹುದು. ಹಸಿರು ಕಿಲುಬು ಇದ್ದರೆ ಉಜ್ಜುಕಾಗದದಿಂದ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ ಬಿಗಿ ಮಾಡಿ.

ಈಗ ಅತಿ ಸಾಮಾನ್ಯ ದೋಷಕ್ಕೆ ಬರೋಣ. ಕಂಪನಿ ಸೆಟ್ ತೆಗೆದು ಆಂಡ್ರಾಯ್ಡ್ ಹಾಕಿಸಿದ ದಿನದಿಂದಲೇ ರೇಡಿಯೋ ಬಡವಾಗಿದೆ ಅನ್ನುವುದು ನಿಮ್ಮ ದೂರಾದರೆ, ಇದೇ ಇರಬೇಕು. ಆಂಟೆನಾ ಬುಡದ ಆಂಪ್ಲಿಫೈಯರ್‌ಗೆ ಕರೆಂಟ್ ಬೇಕು. ಕಂಪನಿ ಸೆಟ್ ಅದನ್ನು ಎಷ್ಟೋ ಕಾರುಗಳಲ್ಲಿ ಆಂಟೆನಾ ವೈರ್ ಮೂಲಕವೇ ಕಳಿಸುತ್ತದೆ. ಬೇರೆ ವೈರ್ ಕಾಣುವುದೇ ಇಲ್ಲ. ಹೊಸ ಸೆಟ್ ಹಾಗೆ ಕಳಿಸುವುದಿಲ್ಲ, ಅದರ ಹಿಂದೆ ನೀಲಿ ವೈರ್ ಒಂದು ಪ್ರತ್ಯೇಕವಾಗಿ ಇರುತ್ತದೆ. ಅಂಗಡಿಯ ಹುಡುಗ ಕಪ್ಲರ್ ಸಿಕ್ಕಿಸಿ, ಆಂಟೆನಾ ಜ್ಯಾಕ್ ಸಿಕ್ಕಿಸಿ, ಈ ನೀಲಿ ವೈರಿಗೆ ಟೇಪ್ ಸುತ್ತಿ ಹಿಂದೆ ತಳ್ಳಿಬಿಡುತ್ತಾನೆ. ಆಂಪ್ಲಿಫೈಯರ್ ಉಪವಾಸ. ಉಪವಾಸ ಬಿದ್ದ ಆಂಪ್ಲಿಫೈಯರ್ ಸುಮ್ಮನಿರುವುದಿಲ್ಲ, ಬರುವ ಸಿಗ್ನಲ್ಲನ್ನೂ ತಡೆಯುತ್ತದೆ.

ಪರಿಹಾರ ಅಗ್ಗ. ಆಂಟೆನಾ ಅಡಾಪ್ಟರ್ ಅಂತ ಸಿಗುತ್ತದೆ. ಒಂದು ಕಡೆ ಕಾರಿನ ಪ್ಲಗ್ಗಿಗೆ ಹೊಂದುವ ಸಾಕೆಟ್, ಇನ್ನೊಂದು ಕಡೆ ಸೆಟ್ಟಿನ ಜ್ಯಾಕ್, ನಡುವೆ ಒಂದು ನೀಲಿ ವೈರ್ ಹೊರಗೆ ಬಂದಿರುತ್ತದೆ. ಈ ನೀಲಿಯನ್ನು ಸೆಟ್ಟಿನ ನೀಲಿಗೆ ಸೇರಿಸಬೇಕು. "ನಿಮ್ಮ ಹತ್ರ ಇರೋ ಅಡಾಪ್ಟರ್‌ನಲ್ಲಿ ಪವರ್ ವೈರ್ ಇದೆಯಾ?" ಅಂತ ಕೇಳಿಯೇ ತಗೊಳ್ಳಿ. ವೈರ್ ಇಲ್ಲದ್ದೂ ಅದೇ ಥರ ಕಾಣುತ್ತದೆ.

ಪರೀಕ್ಷೆ ಮಾಡಲು ಮಲ್ಟಿಮೀಟರ್ ಸಾಕು. ರೇಡಿಯೋ ಆನ್ ಮಾಡಿ, ನೀಲಿ ವೈರ್ ಮತ್ತು ಬಾಡಿ ನಡುವೆ ಅಳೆಯಿರಿ. ಸುಮಾರು 12 ವೋಲ್ಟ್ ಬರಬೇಕು. ರೇಡಿಯೋ ಆಫ್ ಮಾಡಿದರೆ ಹೋಗಬೇಕು. ಆಫ್ ಮಾಡಿದ ಮೇಲೂ ಉಳಿದರೆ ತಪ್ಪು ವೈರಿಗೆ ಸೇರಿಸಿದ್ದಾರೆ ಅಂತ ಅರ್ಥ. ಕಾರು ನಿಂತಾಗಲೂ ಅದು ಬ್ಯಾಟರಿ ಕುಡಿಯುತ್ತಿರುತ್ತದೆ.

ಮೀಟರ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಸೆಟ್ ಹೊರಗೆಳೆದು ಆಂಟೆನಾ ಜ್ಯಾಕ್ ಕಿತ್ತುಬಿಡಿ. 75 ಸೆಂಟಿಮೀಟರಿನ ಸಾಮಾನ್ಯ ವೈರ್ ತಗೊಂಡು, ತುದಿ ಸುಲಿದು, ಸೆಟ್ಟಿನ ಆಂಟೆನಾ ತೂತಿನ ನಡುಭಾಗಕ್ಕೆ ಸಿಕ್ಕಿಸಿ. ಸುತ್ತಲಿನ ಲೋಹದ ಬಳೆಗೆ ತಾಗಬಾರದು. ಇನ್ನೊಂದು ತುದಿಯನ್ನು ಕಿಟಕಿಯಿಂದ ಹೊರಗೆ ಬಿಡಿ. ಈ ತುಂಡು ವೈರಿನಲ್ಲಿ ಕಾರಿನ ಆಂಟೆನಾಗಿಂತ ಚೆನ್ನಾಗಿ ಬಂದರೆ ಸೆಟ್ಟಿನ ತಪ್ಪಿಲ್ಲ, ದೋಷ ಆಂಟೆನಾ ಕಡೆಯದು. ಎರಡರಲ್ಲೂ ಊರಿನ ಸ್ಟೇಷನ್ ಕೂಡ ಬರದಿದ್ದರೆ ಮಾತ್ರ ಸೆಟ್ಟಿನ ಮೇಲೆ ಅನುಮಾನ ಪಡಿ.

ವೈರ್ ಹುಡುಕುತ್ತಾ ಮುಂದಿನ ಗಾಜಿನ ಪಕ್ಕದ ಕಂಬದ ಪ್ಲಾಸ್ಟಿಕ್ ಕೀಳುವ ಮೊದಲು ಒಂದು ಮಾತು. ಆಂಟೆನಾ ವೈರ್ ಅಲ್ಲಿಂದಲೇ ಇಳಿಯುತ್ತದೆ, ಎಷ್ಟೋ ಕಾರುಗಳಲ್ಲಿ ಪರದೆ ಏರ್‌ಬ್ಯಾಗೂ ಅಲ್ಲೇ ಇರುತ್ತದೆ. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ ತಗೊಳ್ಳಿ. ಅದಕ್ಕೆ ಟೆಸ್ಟ್ ಲ್ಯಾಂಪ್ ಚುಚ್ಚಲೇಬಾರದು.

ಹಿಂದಿನ ಗಾಜಿನಲ್ಲೇ ಆಂಟೆನಾ ಗೆರೆ ಇರುವ ಕಾರಾದರೆ ಫಿಲ್ಮ್ ಅಂಟಿಸಿದ್ದು ನೆನಪು ಮಾಡಿಕೊಳ್ಳಿ. ಲೋಹದ ಪದರ ಇರುವ ಫಿಲ್ಮ್ ಆ ಗಾಜಿನ ಮೇಲೆ ಕೂತರೆ ಸಿಗ್ನಲ್ ಒಳಗೆ ಬರುವುದಿಲ್ಲ.

ಒಳಗಿನಿಂದ ಬರುವ ಗದ್ದಲ

ಊರೊಳಗೆ ನಿಂತು, ಗಟ್ಟಿ ಸ್ಟೇಷನ್ ಹಾಕಿ, ಎಂಜಿನ್ ಆಫ್ ಇಟ್ಟು ಕೀ ಮಾತ್ರ ತಿರುಗಿಸಿ. ರೇಡಿಯೋ ಸ್ವಚ್ಛವಾಗಿದ್ದರೆ ಎಂಜಿನ್ ಹಾಕಿ. ಆಮೇಲೆ ನಿಧಾನವಾಗಿ ರೇಸ್ ಮಾಡಿ. ಎಂಜಿನ್ ಜೊತೆಗೆ ಏರಿ ಇಳಿಯುವ 'ಕುಂಯ್' ಸದ್ದು ಬಂದರೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಮತ್ತು ಅರ್ಥ್ ಕಡೆ ನೋಡಬೇಕು. ಪೆಟ್ರೋಲ್ ಕಾರಿನಲ್ಲಿ 'ಟಿಕ್ ಟಿಕ್ ಟಿಕ್' ಅಂತ ರೇಸಿನ ಜೊತೆ ವೇಗ ಹೆಚ್ಚಿದರೆ ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕಡೆ. ಪ್ಲಗ್ ಬದಲಿಸುವಾಗ ರೆಸಿಸ್ಟರ್ ಇಲ್ಲದ ಅಗ್ಗದ್ದು ಹಾಕಿದರೆ ಹೀಗಾಗುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಆ ತಲೆನೋವೂ ಇಲ್ಲ.

ಎಂಜಿನ್ನಿಗೆ ಸಂಬಂಧವೇ ಇಲ್ಲದೆ ಸದಾ ಸುಯ್ ಅನ್ನುತ್ತಿದ್ದರೆ ಮೊದಲು ಡ್ಯಾಶ್‌ಕ್ಯಾಮ್ ಕಿತ್ತು ನೋಡಿ. ಆಮೇಲೆ ಯುಎಸ್‌ಬಿ ಚಾರ್ಜರ್, ಆಮೇಲೆ ಹೊರಗಿನಿಂದ ಹಾಕಿಸಿದ ಎಲ್‌ಇಡಿ ಬಲ್ಬು. ಇವೆಲ್ಲ 12 ವೋಲ್ಟನ್ನು ವೇಗವಾಗಿ ಕಡಿದು ಕಡಿದು ಬೇರೆ ವೋಲ್ಟ್ ಮಾಡಿಕೊಳ್ಳುತ್ತವೆ. ಆ ಕಡಿತದ ಗದ್ದಲ ಎಫ್‌ಎಂ ಪಟ್ಟಿಯೊಳಗೂ ಚೆಲ್ಲುತ್ತದೆ. ಡ್ಯಾಶ್‌ಕ್ಯಾಮ್ ವೈರ್ ಆಂಟೆನಾ ವೈರಿನ ಪಕ್ಕದಲ್ಲೇ ಇಳಿದಿದ್ದರಂತೂ ಹಬ್ಬ. ವೈರನ್ನು ಎದುರಿನ ಕಂಬದಲ್ಲಿ ಇಳಿಸಿ, ಎರಡೂ ತುದಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿ. ಅದಕ್ಕೂ ಬಗ್ಗದಿದ್ದರೆ ಅದರ ಚಾರ್ಜರ್ ಮಾತ್ರ ಒಳ್ಳೆಯದು ತಗೊಳ್ಳಿ. ಕ್ಯಾಮೆರಾ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಗದ್ದಲ ಯಾವ ಬಾಗಿಲಿನಿಂದ ನುಗ್ಗುತ್ತಿದೆ ಅಂತ ತಿಳಿಯಲು ಎರಡು ಪ್ರಶ್ನೆ ಸಾಕು. ವಾಲ್ಯೂಮ್ ಪೂರ್ತಿ ಇಳಿಸಿದರೂ 'ಕುಂಯ್' ಇದೆಯಾ? ಇದ್ದರೆ ಅದು ಸೆಟ್ಟಿನ ಆಚೆ, ಸ್ಪೀಕರ್ ಓಡಿಸಲು ಬೇರೆಯಾಗಿ ಹಾಕಿಸಿದ ಆ್ಯಂಪ್, ಸೆಟ್ಟಿನಿಂದ ಅದಕ್ಕೆ ಸದ್ದು ಒಯ್ಯುವ ಆರ್‌ಸಿಎ ವೈರ್ ಅಥವಾ ಅದರ ಅರ್ಥ್‌ನಲ್ಲಿದೆ. ಆಂಟೆನಾ ಜ್ಯಾಕ್ ಕಿತ್ತ ಕೂಡಲೇ ಹೋಯಿತಾ? ಹಾಗಾದರೆ ಆಂಟೆನಾ ದಾರಿಯಿಂದ ಬರುತ್ತಿದೆ, ಬುಡದ ಅರ್ಥ್ ಸಡಿಲ ಇರಬೇಕು. ಜ್ಯಾಕ್ ಕಿತ್ತರೂ ಇದ್ದು, ವಾಲ್ಯೂಮ್ ಜೊತೆ ಏರಿಳಿದರೆ ಸೆಟ್ಟಿನ ಕಪ್ಪು ವೈರ್, ಅಂದರೆ ಅರ್ಥ್ ವೈರ್, ನೋಡಿ. ಅದನ್ನು ಬಣ್ಣ ಹಚ್ಚಿದ ತಗಡಿಗೆ ಬಿಗಿದಿರುತ್ತಾರೆ. ಬಣ್ಣ ಕೆರೆದು, ಬರೀ ಲೋಹಕ್ಕೆ, ಗಟ್ಟಿ ಬೋಲ್ಟಿನಲ್ಲಿ ಬಿಗಿಯಬೇಕು. ಆ್ಯಂಪ್ ಇರುವವರು ಬ್ಯಾಟರಿಯ ದಪ್ಪ ವೈರ್ ಮತ್ತು ಆರ್‌ಸಿಎ ವೈರ್‌ಗಳನ್ನು ಒಂದೇ ಬದಿಯಲ್ಲಿ ಎಳೆಸಬೇಡಿ.

ಪಕ್ಕದ ಕಾರಿನ ಹಾಡು ನಿಮ್ಮ ಸೆಟ್ಟಿನಲ್ಲಿ ಬರುತ್ತಿದೆಯಾ? ಅದು ದೆವ್ವ ಅಲ್ಲ. ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಬ್ಲೂಟೂತ್ ಎಫ್‌ಎಂ ಸಾಧನ. ಎರಡು ಸಿಗ್ನಲ್ ಒಂದೇ ಜಾಗದಲ್ಲಿ ಬಿದ್ದರೆ ಎಫ್‌ಎಂ ಸೆಟ್ ಗಟ್ಟಿಯಾದದ್ದನ್ನೇ ಹಿಡಿಯುತ್ತದೆ. ನೀವೂ ಅದನ್ನು ಬಳಸುವವರಾದರೆ ಇನ್ನೊಂದು ಕಿರಿಕಿರಿ ಇದೆ. ತುಮಕೂರಿನಲ್ಲಿ ಖಾಲಿ ಇದ್ದ ಜಾಗ ಗೊರಗುಂಟೆಪಾಳ್ಯ ತಲುಪುವ ಹೊತ್ತಿಗೆ ಯಾವುದೋ ಸ್ಟೇಷನ್‌ನದಾಗಿರುತ್ತದೆ.

ಎಎಂ ಕೇಳುವವರಿಗೆ ಒಂದೇ ಮಾತು. ಹೈಟೆನ್ಷನ್ ಲೈನ್ ಕೆಳಗೆ ಜುಂಯ್ ಅನ್ನುವುದು, ಅಂಡರ್‌ಪಾಸ್ ಒಳಗೆ 612 ಮುಳುಗುವುದು ಎರಡೂ ಸಹಜ.

ಸಿಗ್ನಲ್ ಇದೆ, ಸ್ವರ ಕೆಟ್ಟಿದೆ

ಪೆನ್‌ಡ್ರೈವ್ ಹಾಡೂ ಅದೇ ಥರ ಕೆಟ್ಟದಾಗಿ ಬಂದರೆ ಆಂಟೆನಾ ಬಿಟ್ಟು ಸ್ಪೀಕರ್ ಕಡೆ ಬನ್ನಿ. ಬ್ಯಾಲೆನ್ಸ್ ಮತ್ತು ಫೇಡರ್‌ನಲ್ಲಿ ಒಂದೊಂದೇ ಮೂಲೆಗೆ ಒಯ್ದು ಕೇಳಿ. ಒಂದೇ ಮೂಲೆಯಲ್ಲಿ 'ಕರ್ ಕರ್' ಅಂದರೆ ಆ ಸ್ಪೀಕರ್ ಹರಿದಿದೆ ಅಥವಾ ಬಾಗಿಲ ಪ್ಲಾಸ್ಟಿಕ್ ಸಡಿಲ ಇದೆ. ಬಾಗಿಲನ್ನು ಅಂಗೈಯಿಂದ ಒತ್ತಿ ಹಿಡಿದಾಗ ನಿಂತರೆ ಕ್ಲಿಪ್ ಬದಲಿಸಿ ಸಾಕು. ಮಳೆಗಾಲದಲ್ಲಿ ಮಾತ್ರ ಕೆಡುತ್ತಿದ್ದರೆ ಬಾಗಿಲ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದು ನೀರು ಕಾಗದದ ಕೋನ್‌ಗೆ ಬೀಳುತ್ತಿದೆ.

ಸೆಟ್ಟಿನ ಡಬ್ಬಿಯ ಮೇಲೆ 50 ವ್ಯಾಟ್ ಗುಣಿಸು 4 ಅಂತ ಬರೆದಿದ್ದರೆ ನಂಬಬೇಡಿ. ಒಂದೊಂದು ಸ್ಪೀಕರಿಗೆ ನಿಜವಾಗಿ ಸಿಗುವುದು 15ರಿಂದ 20 ವ್ಯಾಟ್. ಬಾಸ್ ಪೂರ್ತಿ ಏರಿಸಿ ವಾಲ್ಯೂಮ್ ಮುಕ್ಕಾಲು ದಾಟಿಸಿದರೆ ಯಾವ ಸೆಟ್ಟಾದರೂ ಒಡಕು ಧ್ವನಿ ಕೊಡುತ್ತದೆ.

ಎಲ್ಲ ಸ್ಪೀಕರ್ ಕೂಗುತ್ತಿವೆ, ಬಾಸ್ ಮಾತ್ರ ಇಲ್ಲ, ಹಾಡುಗಾರರು ಎಲ್ಲೋ ದೂರ ನಿಂತ ಹಾಗಿದೆ, ಆದರೆ ಬ್ಯಾಲೆನ್ಸನ್ನು ಒಂದು ಬದಿಗೆ ತಿರುಗಿಸಿದರೆ ಬಾಸ್ ಮರಳಿ ಬರುತ್ತದೆ: ಇದು ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾದ ಗುರುತು. ಸಾಮಾನ್ಯವಾಗಿ ಸೆಟ್ಟಿನ ಬಿಳಿ ವೈರ್ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಆಯಾ ಸ್ಪೀಕರಿನ ಮೈನಸ್. ಕಾರಿನ ಕಡೆಯ ವೈರುಗಳ ಬಣ್ಣ ಕಂಪನಿಗೊಂದು ಥರ ಇರುವುದರಿಂದ ಅದನ್ನು ನಂಬಿ ಕೂರಬೇಡಿ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು, ಸ್ಪೀಕರ್ ವೈರುಗಳನ್ನು ಸೆಟ್ಟಿನಿಂದ ಬಿಡಿಸಿ, ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಒಳಗೆ ಹೋದರೆ ಉಲ್ಟಾ. ನಾಲ್ಕನ್ನೂ ಹೀಗೆ ಗುರುತು ಮಾಡಿ, ಟೇಪ್ ಮೇಲೆ ಬರೆದು, ಆಮೇಲೆ ಜೋಡಿಸಿ.